ನಿಂತ ನೀರಿಗೆ ಹಾಕದ ಬಣ್ಣ

ಮರುದಿನದ ವಿಚಾರಣೆಗೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಈ ಜೌಗಿನ ಮಳೆನೀರು ಹೊರಬೀಳುವುದೆಲ್ಲಿ?

ಅಲ್ಲಿ ದೊಡ್ಡ ಬಡಾವಣೆ ಕಟ್ಟಲು ಅನುಮತಿ ಕೇಳಿದ್ದ ಕಂಪನಿ, ನೀರು ಪೂರ್ವಕ್ಕೆ ಹರಿದು ನದಿ ಸೇರುತ್ತದೆ ಎಂದಿತ್ತು. ಇಂಜಿನಿಯರಮ್ಮ ಅದನ್ನು ನಂಬಿರಲಿಲ್ಲ. ಪಶ್ಚಿಮದ ತಗ್ಗಿನ ಬೀದಿಯಲ್ಲಿ ಅವಳ ಅಕ್ಕನ ಮನೆಯಿತ್ತು. ನೀರು ಹೋಗುವುದು ಆ ಕಡೆಗಾದರೆ, ಜೌಗಿಗೆ ಮಣ್ಣು ತುಂಬಿದ ಮೇಲೆ ಮೊದಲ ಮಳೆಗೇ ಅಕ್ಕನ ಅಡುಗೆಮನೆ ಮುಳುಗುತ್ತದೆ.

ಮಳೆ ಶುರುವಾಗುತ್ತಿದ್ದಂತೆ ಮೂವರು ರಬ್ಬರ್ ದೋಣಿ ಹತ್ತಿದರು. ಹುಟ್ಟು ಹಾಕಲು ಅವಳ ಸೋದರಮಾವ, ನಿವೃತ್ತ ಬಸ್ ಡ್ರೈವರ್. ಮುಂದೆ ಕುಳಿತವನು ಸಸ್ಯಶಾಸ್ತ್ರದ ಮೇಷ್ಟ್ರು; ಉದ್ದ ಕಾಲುಗಳಿಂದಾಗಿ ಎಲ್ಲರಿಗೂ ‘ಕೊಕ್ಕರೆ’. ಚೀಲದಲ್ಲಿ ಎರಡು ಸೀಸೆ ಹಸಿರು ಬಣ್ಣ. ಒಂದನ್ನು ಜೌಗಿನ ಮೇಲ್ತುದಿಯಲ್ಲಿ ಸುರಿದು ಅದರ ಜಾಡು ಹಿಡಿಯಬೇಕು. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು.

ಆಳೆತ್ತರದ ಜೊಂಡು ಎರಡೂ ಕಡೆಯಿಂದ ಬಾಗಿ ಆಕಾಶವನ್ನು ಮರೆಮಾಡಿತ್ತು. ವಾಪಸಾಗಲು ಗುರುತಿಗೆಂದು ದಾರಿಯುದ್ದಕ್ಕೂ ಅವರು ಜೊಂಡಿಗೆ ಕೆಂಪು ಬಟ್ಟೆಚೂರು ಕಟ್ಟಿದರು. ಹನಿ ಬಿದ್ದಲ್ಲೆಲ್ಲ ನೀರು ಸಣ್ಣಗೆ ನಡುಗುತ್ತಿತ್ತು. ಮೇಲ್ತುದಿಯಲ್ಲಿ ಸೀಸೆ ಖಾಲಿಯಾಯಿತು. ಹಸಿರು ಒಂದು ಎಳೆಯಾಗಿ ಜೊಂಡಿನೊಳಗೆ ನುಸುಳಿತು.

ಆಗ ಗಾಳಿ ಎದ್ದಿತು.

ಜೊಂಡು ಮಕಾಡೆ ಮಲಗಿತು. ಕೆಂಪು ಗುರುತುಗಳೆಲ್ಲ ಮುಳುಗಿದವು. ಸೆಳೆತ ದೋಣಿಯನ್ನು ಗಿರ್ರನೆ ತಿರುಗಿಸಿತು.

“ಮಾವ, ಎಡಕ್ಕೆ!”

“ಸ್ಟೇರಿಂಗ್ ಎಲ್ಲಿದೆ ಹೇಳೇ, ತಿರುಗಿಸ್ತೀನಿ!”

ಕೊಕ್ಕರೆ ಹಗ್ಗ ಹಿಡಿದು ನೀರಿಗೆ ಧುಮುಕಿದ. ಎದೆಮಟ್ಟದ ಕೆಸರು. ಮುಗ್ಗರಿಸಿದ, ಎದ್ದ, ಎಳೆದ. ಮೂವರೂ ಸೇರಿ ದೋಣಿಯನ್ನು ಒಂದು ದಿಬ್ಬದಾಚೆಗೆ ದಬ್ಬಿದರು.

ಆಚೆ ಒಂದು ಕೊಳ. ಗಾಳಿ ಅಲ್ಲಿ ತಲೆಯ ಮೇಲೇ ಹಾದುಹೋಗುತ್ತಿತ್ತು. ಎಲೆಗಳ ಮೇಲೆ ನೀರುಕೋಳಿಗಳು ಮುದುಡಿ ಕೂತಿದ್ದವು. ಅಷ್ಟು ಮಳೆ ಸುರಿಯುತ್ತಿದ್ದರೂ ಕೊಳ ಅಂಚು ಮೀರದೆ ಸುಮ್ಮನೆ ನುಂಗಿಕೊಳ್ಳುತ್ತಿತ್ತು.

“ಇಲ್ಲಿಗೂ ಒಂದು ಸೀಸೆ ಹಾಕೋಣ್ವಾ?” ಕೊಕ್ಕರೆ ಕೇಳಿದ.

“ಇದು ನಿಂತ ನೀರು. ಎಲ್ಲಿಗೂ ಹೋಗಲ್ಲ. ಸುಮ್ನೆ ದಂಡ,” ಎಂದಳು ಇಂಜಿನಿಯರಮ್ಮ.

ಅವನು ಚೀಲದ ಬಾಯಿ ಕಟ್ಟಿದ.

ಗಾಳಿ ತಗ್ಗಿದಾಗ ದಿಬ್ಬ ದಾಟಿ ನೋಡಿದರು. ವಾಪಸು ಹೋಗುವ ದಾರಿ ಯಾವುದೆಂದು ತಿಳಿಯಲಿಲ್ಲ. ಆದರೆ ಕಂದು ನೀರಿನ ನಡುವೆ ಹಸಿರು ಎಳೆ ಹೊಳೆಯುತ್ತಿತ್ತು. ಅದರ ಹಿಂದೆಯೇ ಹೊರಟರು. ದೋಣಿ ಸಿಕ್ಕಿಕೊಂಡಲ್ಲಿ ಇಳಿದರು, ತಳ್ಳಿದರು, ಮತ್ತೆ ಹತ್ತಿದರು. ಕೊನೆಗೆ ರಸ್ತೆಯ ಕೆಳಗಿನ ಮೋರಿ. ಅದರಾಚೆ ಚರಂಡಿ. ಚರಂಡಿಯ ಪಕ್ಕದಲ್ಲಿ ಕೊಡೆ ಹಿಡಿದ ಅಕ್ಕ.

“ನೋಡೇ, ನನ್ನ ಹಿತ್ತಲೆಲ್ಲ ಗಿಳಿಹಸಿರು!”

“ಇಷ್ಟು ವರ್ಷ ಬಸ್ ಓಡಿಸ್ದೆ,” ಮಾವ ಕೆಸರು ಒರೆಸಿಕೊಂಡರು, “ರಸ್ತೇನೇ ಓಡೋದನ್ನ ಇವತ್ತು ನೋಡಿದೆ.”

ವಿಚಾರಣೆಯಲ್ಲಿ ಅವರು ಗೆದ್ದರು. ಹಸಿರು ಹರಿದಷ್ಟು ಜಾಗವನ್ನು ಮುಟ್ಟುವಂತಿಲ್ಲ, ಅಕ್ಕನ ಬೀದಿಯನ್ನು ಸುತ್ತಿಹೋಗುವಂತೆ ಅಗಲ ಕಾಲುವೆ ತೋಡಬೇಕು ಎಂದಾಯಿತು. ಆಗ ಕಂಪನಿಯವನು ಅವಳದೇ ನಕ್ಷೆಯ ಮೇಲೆ ಬೆರಳಿಟ್ಟ.

“ಈ ಕೊಳಕ್ಕೆ ಬಣ್ಣ ಹೋಗಿಲ್ಲ. ಇಲ್ಲಿಂದ ಬಂದೂ ಇಲ್ಲ. ಇದನ್ನ ತುಂಬಬಹುದಲ್ಲ?”

ಅಲ್ಲಿಂದ ಬಣ್ಣ ಬರಲು ಅಲ್ಲಿ ಯಾರೂ ಬಣ್ಣ ಹಾಕಿಯೇ ಇರಲಿಲ್ಲ. ನೀರು ಎಲ್ಲಿಗೆ ಹೋಗುತ್ತದೆಂದು ಹುಡುಕಿದವಳು, ಎಲ್ಲಿ ನಿಲ್ಲುತ್ತದೆಂದು ಕೇಳಿರಲಿಲ್ಲ. ಅವಳು ಕೊಕ್ಕರೆಯ ಕಡೆ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಕೊಳ ತುಂಬಲು ಅನುಮತಿ ಸಿಕ್ಕಿತು.

ಮುಂದಿನ ಮಳೆಗಾಲ ಅಕ್ಕನ ಅಡುಗೆಮನೆ ಒಣಗಿಯೇ ಇತ್ತು. ಒಲೆ ಮುಂದೆ ನಿಂತು ಅಕ್ಕ ನಗುತ್ತ ತಂಗಿಯ ಕೈಗೆ ಚಹಾ ಕೊಟ್ಟಳು. ಹಿತ್ತಲಾಚೆ ಕಾಲುವೆ ಅಂಚಿನವರೆಗೂ ತುಂಬಿ ಭೋರೆಂದು ಹೋಗುತ್ತಿತ್ತು. ಕೊಳ ಇದ್ದ ಕಡೆಯಿಂದ ಲಾರಿಗಳು ಮಣ್ಣು ಸುರಿಯುವ ಸದ್ದು.

ಇಂಜಿನಿಯರಮ್ಮನ ಚೀಲದ ತಳದಲ್ಲಿ ಎರಡನೆಯ ಸೀಸೆ ಇನ್ನೂ ತುಂಬಿಯೇ ಇತ್ತು.