ನನ್ನ ಪಾಲಿನ ಅರ್ಧ ಪಾಸ್‌ವರ್ಡ್

ನನಗೇನೂ ತಲೆ ಕೆಟ್ಟಿಲ್ಲ. ಮಟಮಟ ಮಧ್ಯಾಹ್ನ, ಕಂಪ್ಯೂಟರ್ ರಿಪೇರಿಯವನೂ ಪಕ್ಕದಲ್ಲೇ ಇದ್ದ.

ನಮ್ಮದು ಅಣ್ಣತಮ್ಮಂದಿರ ಬಣ್ಣದ ಅಂಗಡಿ. ಲೆಕ್ಕದ ಸಾಫ್ಟ್‌ವೇರಿಗೆ ಮೊದಲು ಅಣ್ಣ ತನ್ನ ಅರ್ಧ ಪಾಸ್‌ವರ್ಡ್ ಒತ್ತುತ್ತಿದ್ದ, ಆಮೇಲೆ ನಾನು ನನ್ನರ್ಧ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಲೆಕ್ಕ ಮುಟ್ಟಬಾರದೆಂದು ಅವನೇ ಮಾಡಿದ ಏರ್ಪಾಡು.

ಅವನು ತೀರಿಕೊಂಡ ಮೇಲೆ ಮೊದಲ ಸಲ ತೆರೆಯಹೋದರೆ ‘ಡೇಟಾ ಕೆಟ್ಟಿದೆ’ ಎಂದು ತೋರಿಸಿತು. ರಿಪೇರಿಯವ ಹಳೆಯ ಬ್ಯಾಕಪ್ ಹಾಕಿದ.

“ಪಾಸ್‌ವರ್ಡ್ ಹೊಡೀರಿ ಸಾರ್.”

“ಅಣ್ಣನ ಅರ್ಧ ನಂಗೆಲ್ಲಿ ಗೊತ್ತಪ್ಪಾ?”

ಕೀಬೋರ್ಡ್ ಟಕಟಕ ಸದ್ದು ಮಾಡಿತು. ರಿಪೇರಿಯವನ ಕೈ ಮಡಿಲಲ್ಲಿತ್ತು, ನನ್ನದು ಜೇಬಿನಲ್ಲಿ. ಪರದೆಯ ಮೇಲೆ ಚುಕ್ಕಿಗಳು ಮೂಡಿ ನಿಂತವು. ಅಣ್ಣನ ಕೈಯಿಂದ ಸದಾ ಬರುತ್ತಿದ್ದ ಟರ್ಪೆಂಟೈನ್ ಘಾಟು ಮೂಗಿಗೆ ಬಡಿಯಿತು.

“ಬಂದ್ಯಾ ಅಣ್ಣಾ?” ಎನ್ನುತ್ತಾ ನನ್ನರ್ಧ ಒತ್ತಲು ಕೈ ಚಾಚಿದೆ.

ನಾನು ಮುಟ್ಟುವ ಮೊದಲೇ ನನ್ನರ್ಧದ ಕೀಗಳೂ ಕಣ್ಣೆದುರೇ ಒಂದೊಂದಾಗಿ ಕುಸಿದವು, ಒಂದು ಚೂರೂ ತಡವರಿಸದೆ. ಲೆಕ್ಕ ತೆರೆದುಕೊಂಡಿತು.

ಎಷ್ಟು ವರ್ಷದಿಂದ ಗೊತ್ತಿತ್ತೋ ಅವನಿಗೆ!

ಅವತ್ತೇ ಪಾಸ್‌ವರ್ಡ್ ಬದಲಿಸಿ, ಕೀಬೋರ್ಡ್ ಕಿತ್ತು ಮನೆಗೆ ಒಯ್ದೆ. ಆದರೂ ದಿನಾ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಲೆಕ್ಕ ತೆರೆದಿರುತ್ತದೆ.