ಹಡಗಿನ ಕೊಪ್ಪರಿಗೆ

"ಆ ಕೊಪ್ಪರಿಗೆಗೆ ಬೆಂಕಿ ಇಕ್ಬ್ಯಾಡಿ ಅಳಿಮಯ್ಯಾ. ಇಕ್ಲೇಬೇಕು ಅಂದ್ರೆ, ಯಾರ್ ಹೆಸ್ರಿಡಿದು ಕೂಗುದ್ರೂವೆ ಓಗೊಡ್ಬ್ಯಾಡಿ."

ಊರಿನ ಮುದುಕ ಲಿಂಗಯ್ಯ ಇಷ್ಟು ಹೇಳಿ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ತೊಂಬತ್ತನಾಲ್ಕರ ಮಾಘ ಮಾಸ. ಉಡಿಗಾಲದಿಂದ ಭೀಮನಬೀಡಿಗೆ ಮನೆಅಳಿಯನಾಗಿ ಬಂದ ಗಂಗಾಧರಸ್ವಾಮಿ ಮೊದಲ ಸಲ ಅರಿಶಿನ ಬೇಯಿಸಲು ನಿಂತಿದ್ದ. ಕಲ್ಲಿಕೋಟೆಯ ಗುಜರಿಯಿಂದ ಲಾರಿಯಲ್ಲಿ ತರಿಸಿದ ಕೊಪ್ಪರಿಗೆ. ಯಾವುದೋ ಹಳೆಯ ಹಡಗಿನ ಬಾಯ್ಲರನ್ನು ಕೊಯ್ದು ಮಾಡಿದ್ದು. ಎಮ್ಮೆ ಮಲಗುವಷ್ಟು ಅಗಲ. ಅಂಚಿನಲ್ಲಿ ಅಂಗೈಯಷ್ಟು ತಾಮ್ರದ ತಗಡು, ಅದಕ್ಕೆ ಏಳು ಮೊಳೆ.

ಆ ತಗಡು ಕಂಡೇ ಲಿಂಗಯ್ಯನಿಗೆ ಗುರುತು ಹತ್ತಿತ್ತು. ಹರೆಯದಲ್ಲಿ ಅವನು ಅದೇ ಹಡಗಿನ ಬೆಂಕಿಗೆ ಕಲ್ಲಿದ್ದಲು ಎರಚಿದವನು.

"ನಾ ಹತ್ತೋ ಹೊತ್ಗೇ ಮುದಿ ಹಡಗು ಅದು. ಮೊದ್ಲು ದೊರೆಗಳ್ನ ಹೊತ್ತಿತ್ತಂತೆ, ಆಮ್ಯಾಕೆ ರಂಗೂನಿಗೆ ಕೂಲಿಯೋರ್ನ. ಯುದ್ಧದಲ್ಲಿ ಸಿಪಾಯಿಗಳು. ಅದೂ ಆದ್ಮ್ಯಾಕೆ ಕೈಕಾಲು ಹೋದೋರ್ಗೆ ಆಸ್ಪತ್ರೆ. ಕಡೀಕೆ ದನ, ಉಪ್ಪು. ಐದು ಸಲ ಬಣ್ಣ ಬಳ್ದು ಐದು ಹೆಸ್ರು ಮಡುಗುದ್ರು. ಬಾಯ್ಲರು ಮಾತ್ರ ಅದೇಯ."

ಆ ಬೆಂಕಿಗೆ ಮಲಯಾಳದ ಆಳೊಬ್ಬನನ್ನು ಮೇಸ್ತ್ರಿ ಜಗಳದಲ್ಲಿ ದೂಡಿದ್ದ. ಸತ್ತವನ ತಾಯಿ ಮಾಟಗಾರನನ್ನು ಹಿಡಿದು, ಮಗನ ಚೌಲದ ಕೂದಲನ್ನು ತಗಡಿನಡಿ ಇರಿಸಿ ಮೊಳೆ ಹೊಡೆಸಿ ಶಪಿಸಿದಳು: ಇದಕ್ಕೆ ಬೆಂಕಿ ಉಣಿಸುವವನನ್ನು ಅವನ ಮನೆಯವರ ದನಿಯಲ್ಲೇ ಇದು ಕರೆಯಲಿ. ಓಗೊಟ್ಟವನು ಒಳಗೆ ಬರಲಿ.

"ಮೂರು ಜನ ಓಗೊಟ್ರು. ನಾ ಕಂಡಂಗೆ."

ಗಂಗಾಧರಸ್ವಾಮಿ ಹೊಟ್ಟೆ ಹಿಡಿದು ನಕ್ಕ. "ಹಡಗು ಗುಜ್ರಿಗೆ ಬಿತ್ತು, ಮಾಟ ಮಾತ್ರ ಘಾಟಿ ಹತ್ಕಂಡು ಬಂತಾ ತಾತ? ಲಾರಿ ಚಾರ್ಜು ಯಾರು ಕೊಟ್ರು?"

ಲಿಂಗಯ್ಯ ಕಿವಿಯ ಬೀಡಿ ತೆಗೆದು ಹಚ್ಚಿಕೊಂಡ.

ಗಂಗಾಧರಸ್ವಾಮಿ ಹೆಂಡತಿ ನೀಲಾವತಿಗೂ ಅದನ್ನೇ ಹೇಳಿ ನಕ್ಕ. ಮದುವೆಯಾಗಿ ಒಂದು ವರ್ಷ. ಒಂದೇ ಒಂದು ಸಲ ತನ್ನ ಹೆಸರು ಹಿಡಿದು ಕರೆ ಎಂದು ದಿನವೂ ಅವಳನ್ನು ಕಾಡುತ್ತಿದ್ದ.

"ಗಂಡನ್ ಹೆಸ್ರು ಹೇಳುದ್ರೆ ಆಯಸ್ಸು ಕಮ್ಮಿ ಆಯ್ತದೆ. ಬುಡಿ ಅತ್ಲಾಗಿ" ಎಂದು ಅವಳು ಬಾಯಿಗೆ ಸೆರಗು ಹಿಡಿಯುತ್ತಿದ್ದಳು.

ಮಧ್ಯಾಹ್ನ ಆಳುಗಳೂ ಲಿಂಗಯ್ಯನೂ ಉಣ್ಣಲು ಊರೊಳಗೆ ಹೋದರು. ಗಂಗಾಧರಸ್ವಾಮಿಯೊಬ್ಬನೇ ಒಲೆಗೆ ಸೌದೆ ತುಂಬುತ್ತಿದ್ದ. ಆವಿ ಮೇಲೇಳಲಿಲ್ಲ, ನೆಲಕ್ಕಿಳಿದು ಅವನ ಸುತ್ತ ಮಲಗಿತು. ಅರಿಶಿನದ ವಾಸನೆ ಎಲ್ಲಿ ಹೋಯಿತೋ. ಉಪ್ಪು, ಕಲ್ಲಿದ್ದಲು, ಸುಟ್ಟ ಕೂದಲು. ತಳದಲ್ಲಿ ಏನೋ ಧಡ್ ಧಡ್ ಎಂದು ತಿರುಗತೊಡಗಿತು. ನಡುಹಗಲ ಬಿಸಿಲು ಮಂಕಾಯಿತು.

"ಗಂಗಾಧರಸ್ವಾಮೀ..."

ನೀಲಾವತಿಯ ದನಿ. ಅವನ ಎದೆ ಅರಳಿತು. ಕಡೆಗೂ ಹೇಳಿದಳು!

"ಓ! ಬಾ ಬಾ, ಇನ್ನೊಂದ್ಸಲ ಹೇಳು ನೋಡನ!"

ಹೇಳಿದ ಮೇಲೆ ಕಣ್ಣೆತ್ತಿದ. ಆವಿಯಾಚೆ, ದೂರದ ಬದುವಿನ ಮೇಲೆ, ಊಟದ ಕುಕ್ಕೆ ಹೊತ್ತು ನೀಲಾವತಿ ಬರುತ್ತಿದ್ದಳು. ಇನ್ನೂ ಕೂಗಳತೆಯಾಚೆ.

ಕಾಲು ನಡೆಯಿತು. ಅವನು ನಡೆಸಲಿಲ್ಲ. ಒಲೆಯ ಕಲ್ಲನ್ನು ಹತ್ತಿತು. ಕೂಗಬೇಕು. ನಾಲಗೆ ಏಳದು. ಹಳದಿ ನೊರೆಯಡಿ ಇದ್ದಿಲು ಮೆತ್ತಿದ ಕೈಗಳು. ಒಂದು. ಮೂರು. ಎಡಗಾಲು ಕುದಿಗೆ ಇಳಿಯಿತು.

ಅಷ್ಟರಲ್ಲಿ ಬದು ಇಳಿದು ಬಂದವಳ ಕುಕ್ಕೆ ಬಿದ್ದ ಸದ್ದು. "ಏನಂದ್ರೇ! ಏನಂದ್ರೇ!"

ಆ ಕೂಗು ಅವನನ್ನು ಮುಟ್ಟಲಿಲ್ಲ. ಊರಿನ ಯಾವ ಗಂಡನಿಗಾದರೂ ಸಲ್ಲುವ ಕೂಗು ಅದು. ಓಡುತ್ತಿದ್ದವಳ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಗಂಗಾಧರಸ್ವಾಮೀ!"

ಹಿಡಿತ ಕಳಚಿತು. ಹಿಂದಕ್ಕೆ, ಬೂದಿಗೆ ಬಿದ್ದ. ನೀಲಾವತಿ ಅವನ ತಲೆಯನ್ನು ತೊಡೆಗೆಳೆದುಕೊಂಡು ಅಳುತ್ತಿದ್ದಳು. ಕಣ್ಣೀರಿತ್ತು. ತುಟಿ ಅಲುಗುತ್ತಿತ್ತು. ದನಿ ಇರಲಿಲ್ಲ.

ಲಿಂಗಯ್ಯ ಅಂದೇ ಕೊಪ್ಪರಿಗೆಯನ್ನು ಹಾಳುಬಾವಿಗೆ ಕೆಡವಿಸಿ ಮಣ್ಣೆಳೆಸಿದ. "ಅದು ಬರಿಗೈಲಿ ಹೋಗಾಕಿಲ್ಲ ಕಣವ್ವ" ಎಂದು ಅವಳ ತಲೆ ಸವರಿದ.

ನೀಲಾವತಿ ಮತ್ತೆ ಮಾತಾಡಲಿಲ್ಲ. ಗಂಗಾಧರಸ್ವಾಮಿ ಕುಂಟುತ್ತ ಹೊಲಕ್ಕೆ ಹೋದಾಗಲೆಲ್ಲ ಬಾವಿಯ ಕಡೆಯಿಂದ ಅವನ ಹೆಸರು ಕೇಳಿಸುತ್ತದೆ. ವರ್ಷವಿಡೀ ಗೋಗರೆದು ಬೇಡಿದ್ದ ಅದೇ ದನಿ, ಅಷ್ಟೇ ಅಕ್ಕರೆ. ಪಕ್ಕದಲ್ಲಿ ನಡೆಯುವ ನೀಲಾವತಿ ಆಗ ಥಟ್ಟನೆ ನಿಂತು, ಎರಡೂ ಅಂಗೈಯಿಂದ ಅವನ ಬಾಯಿ ಮುಚ್ಚುತ್ತಾಳೆ.