ಕೊಳೆಯಾಗದ ಹಳದಿ ಅಂಗಿ

ಆಕೆ ಜೆರ್ಸಿಗಳನ್ನು ಒಂದೊಂದಾಗಿ ತಿರುವಿ, ಒಳಮೈ ಹೊರಗೆ ಮಾಡಿ ವಾಷಿಂಗ್ ಮೆಷಿನ್‌ಗೆ ಹಾಕುತ್ತಿದ್ದಳು. ಕೆಸರು ಮೆತ್ತಿದ್ದು, ಹುಲ್ಲಿನ ಕಲೆ ಹಿಡಿದದ್ದು, ತೋಳಿಗೆ ಮೂಗು ಒರೆಸಿಕೊಂಡದ್ದು... ಕೊನೆಗೆ ಕೈಗೆ ಬಂದದ್ದು ಆ ಪುಟ್ಟ ಹಳದಿ ಅಂಗಿ.

ಹೋದ ವಾರ ಮಡಚಿ ಕೊಟ್ಟ ಹಾಗೇ ಇತ್ತು!

'ಈ ವಾರವೂ ಆ ಮಗುವನ್ನು ಆಡಿಸಲಿಲ್ಲ...'

ಆಕೆ ಆ ಅಂಗಿಯನ್ನು ಮೆಷಿನ್‌ಗೆ ಹಾಕದೆ ಪಕ್ಕಕ್ಕಿಟ್ಟಳು.

ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಚಿಕ್ಕಮ್ಮನ ಈ ಲಾಂಡ್ರಿಗೆ ಬಂದು ಸೇರಿದವಳು ಆಕೆ. ಮಗಳ ಅಡ್ಡಹೆಸರು ಇರುವೆ. ಕಪಾಟಿನ ತುಂಬ ಕಪ್‌ಗಳಿದ್ದ ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಮಗಳನ್ನು ಸೇರಿಸಿದ್ದಳು. ಇರುವೆ ಪಂದ್ಯಗಳುದ್ದಕ್ಕೂ ಬೆಂಚಿನ ಮೇಲೇ ಕೂತು, ಶುಭ್ರವಾದ ಅಂಗಿಯಲ್ಲೇ ಮನೆಗೆ ಬರುತ್ತಿದ್ದಳು.

"ನಾನು ಚೆನ್ನಾಗಿಲ್ವಾ ಅಮ್ಮಾ?" ಎಂದು ಒಂದು ದಿನ ಕೇಳಿದವಳು ಮತ್ತೆ ಚೆಂಡು ಮುಟ್ಟಲಿಲ್ಲ.

ಅಂದಿನಿಂದ ಈ ತಾಯಿ ಕಪ್‌ಗಳನ್ನು ನಂಬುವುದು ಬಿಟ್ಟಳು. ಊರಿನ ಕ್ಲಬ್ಬುಗಳ ಬಟ್ಟೆ ಗಂಟುಗಳೆಲ್ಲ ಬರುವುದು ಈ ಲಾಂಡ್ರಿಗೇ. ಯಾರ ಗಂಟಿನಲ್ಲಿ ಎಲ್ಲ ಅಂಗಿಯೂ ಕೊಳೆಯಾಗಿದೆಯೋ ಅಲ್ಲಿ ಎಲ್ಲ ಮಕ್ಕಳೂ ಆಡಿದ್ದಾರೆ ಎಂಬುದು ಆಕೆಯ ಲೆಕ್ಕ. ಹಳದಿ ತಂಡ ಇನ್ನೇನು ಆಕೆಯ ಮನಸ್ಸು ಗೆದ್ದೇಬಿಟ್ಟಿತ್ತು. ಈ ಒಂದು ಅಂಗಿ ಮಾತ್ರ...

ಅಷ್ಟರಲ್ಲಿ ಬಾಗಿಲಿಗೆ ಹಣೆ ಬಡಿದ ಸದ್ದು! ಮಕ್ಕಳೆಲ್ಲ 'ಜಿರಾಫೆ ಸಾರ್' ಎನ್ನುವ ಹಳದಿ ತಂಡದ ಕೋಚ್ ಹಣೆ ಉಜ್ಜಿಕೊಳ್ಳುತ್ತ ಒಳಗೆ ಬಂದ.

"ರೆಡಿ ಆಯ್ತಾ ಮೇಡಂ?"

"ನಿಮ್ಮ ಮನಸ್ಸಾದ್ರೂ ಹೇಗೆ ಒಪ್ಪುತ್ತೆ ಸಾರ್?"

"ಯಾವುದಕ್ಕೆ?"

"ಒಂದು ಕೂಸನ್ನ ವಾರವಾರವೂ ಮೂಲೇಲಿ ಕೂರಿಸೋದಕ್ಕೆ! ಈ ಅಂಗಿ ಒಂದು ದಿನಾನೂ ಕೊಳೆ ಆಗಿಲ್ಲ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

ಆತನ ಕಿವಿ ಕೆಂಪಾಯಿತು. ಮೂಲೆಯಲ್ಲಿ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿದ್ದ ಇರುವೆಯನ್ನು ಒಮ್ಮೆ ನೋಡಿದ.

"ಶನಿವಾರ ಮಗಳನ್ನ ಕರ್ಕೊಂಡು ಮೈದಾನಕ್ಕೆ ಬನ್ನಿ ಮೇಡಂ. ಅಲ್ಲೇ ಹೇಳ್ತೀನಿ."

ಹೋಗುವಾಗಲೂ ಹಣೆ ಬಡಿಸಿಕೊಂಡ.

"ಕೊಳೆ ಇದ್ರೂ ಗೊಣಗ್ತೀಯ, ಇಲ್ದಿದ್ರೂ ಬಯ್ತೀಯ. ಇನ್ನು ಲಾಂಡ್ರಿಗೆ ಬೀಗ ಹಾಕೋದೇ ಬಾಕಿ ಕಣೇ!" ಎಂದರು ಇಸ್ತ್ರಿ ಹಿಡಿದಿದ್ದ ಚಿಕ್ಕಮ್ಮ.

ಶನಿವಾರ ಆಕೆ ಹೋದದ್ದು ಜಗಳದ ಉಳಿದರ್ಧ ಮುಗಿಸಲೆಂದೇ. ಆದರೆ ಅಲ್ಲಿ ಕಂಡದ್ದೇ ಬೇರೆ.

ಆತ ಯಾರನ್ನೂ ಕೂರಿಸಿರಲಿಲ್ಲ. ಸರದಿಯ ಮೇಲೆ ಎಲ್ಲರೂ ಒಳಗೆ, ಎಲ್ಲರೂ ಹೊರಗೆ. ಮಂಡಿಯೂರಿ ಒಬ್ಬೊಬ್ಬರ ಶೂ ಲೇಸು ಕಟ್ಟುತ್ತಿದ್ದ. ಒಬ್ಬಳು ತಮ್ಮದೇ ಗೋಲಿಗೆ ಚೆಂಡು ಹೊಡೆದಾಗ, "ಅಬ್ಬಾ, ಏನು ಒದೆ ಅದು! ಮುಂದಿನ ಸಲ ಆ ಕಡೆಗೆ ಒದಿ ತಾಯಿ!" ಎಂದ. ಅಳಲು ಹೊರಟ ಹುಡುಗಿ ನಕ್ಕುಬಿಟ್ಟಳು. ತಂಡ ಸೋತಿತು. ಮಕ್ಕಳು ಗೆದ್ದವರಂತೆ ಕುಣಿಯುತ್ತಿದ್ದರು.

ಆಮೇಲೆ ಆತ ಬೇಲಿಯ ಬಳಿಗೆ ಬಂದ. ತಂತಿ ಹಿಡಿದು ಇಣುಕುತ್ತಿದ್ದ ಇರುವೆಯ ಮುಂದೆ ಆ ಶುಭ್ರವಾದ ಅಂಗಿ ಹಿಡಿದ.

"ಇದು ತಂಡದ ಯಾರದೂ ಅಲ್ಲ ಪುಟ್ಟಾ. ಬೇಲಿ ಹತ್ರ ನಿಂತು ನೋಡೋರಿಗೆ ಅಂತ ಪ್ರತಿ ಪಂದ್ಯಕ್ಕೂ ತರ್ತೀನಿ. ಯಾರೂ ಒಳಗೆ ಬರಲಿಲ್ಲ ಅಂದ್ರೆ ವಾಪಸ್ ಗಂಟಿಗೆ ಹೋಗುತ್ತೆ. ನೀನು ಬರ್ತೀಯಾ?"

ಇರುವೆ ಅಮ್ಮನ ಮುಖ ನೋಡಿದಳು. ಅಮ್ಮ ಮುಖವೆತ್ತಲಾಗದೆ ಬರೀ ತಲೆಯಾಡಿಸಿದಳು. ಇರುವೆ ಅಂಗಿ ತೊಟ್ಟು, ಇನ್ನೂ ಚೆಂಡು ಬಿಡದಿದ್ದ ಮಕ್ಕಳತ್ತ ಓಡಿದಳು.

'ಎಂಥ ಮನುಷ್ಯನಿಗೆ ಎಂಥ ಮಾತು ಅಂದೆ ನಾನು...!'

"ಆವತ್ತೇ ಯಾಕೆ ಹೇಳಲಿಲ್ಲ?" ಎಂದಳು ಮೆಲ್ಲಗೆ.

"ಗುರುತಿಲ್ಲದ ಮಗುವಿಗೋಸ್ಕರ ಅಷ್ಟೊಂದು ಕೋಪ! ತಡೆಯೋಕೆ ಮನಸ್ಸೇ ಬರಲಿಲ್ಲ ಮೇಡಂ."

ಆ ಸಂಜೆ ಇರುವೆಯ ಮೈಯೆಲ್ಲ ಕೆಸರು. ಲಾಂಡ್ರಿಯಲ್ಲಿ ಆಕೆ ಆ ಹಳದಿ ಅಂಗಿಯನ್ನು ಕೂಡಲೇ ಒಗೆಯಲಿಲ್ಲ. ಎದೆಗೊತ್ತಿ ಹಿಡಿದು ಅತ್ತಳು.

ದಿನಗಳು ಕಳೆದವು. ಇರುವೆ ನಿದ್ದೆಯಲ್ಲೂ ಕಾಲು ಒದೆಯತೊಡಗಿದಳು. ಗಂಟು ತರಲು ಕೋಚ್ ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ.

"ಈಗೀಗ ಒಂದು ಕರ್ಚೀಫು ಒಗೆಸೋಕೂ ತಾನೇ ಬರ್ತಾನಲ್ಲೇ ನಿನ್ನ ಜಿರಾಫೆ!" ಎಂದು ಚಿಕ್ಕಮ್ಮ ಕಣ್ಣು ಮಿಟುಕಿಸಿದರು.

"ನನ್ನ ಜಿರಾಫೆ ಯಾಕಾಗ್ತಾನೆ?" ಎಂದವಳ ಕೈ ಮಾತ್ರ ಕೂದಲು ಸರಿಮಾಡಿಕೊಂಡಿತು.

ಆದರೆ ಆಕೆಯ ಮೇಜಿನ ಖಾನೆಯಲ್ಲಿ ಅತ್ತೆಯ ಪತ್ರವಿತ್ತು. 'ನನ್ನ ಮಗ ಹೋದ ಅಂತ ನೀನೂ ನಿಂತುಬಿಡಬೇಡ ಮಗಳೇ. ಒಳ್ಳೆಯವನು ಕಂಡರೆ ಮೊದಲು ನನಗೇ ಬರಿ' ಎಂದು ಎಂದೋ ಬರೆದಿದ್ದರು. ಉತ್ತರ ಬರೆಯುವುದೆಂದರೆ ಹೋದವನ ಕೈ ಬಿಟ್ಟಂತೆ ಎಂದು ಆಕೆ ಪೆನ್ನು ಕೆಳಗಿಡುತ್ತಲೇ ಬಂದಿದ್ದಳು.

ಒಂದು ದಿನ ಗಂಟು ಇಟ್ಟ ಕೋಚ್ ಹೊರಡಲಿಲ್ಲ.

"ನನಗೆ ಚೆಂದವಾಗಿ ಮಾತಾಡೋಕೆ ಬರಲ್ಲ. ನೀವು, ಇರುವೆ... ನಿಮ್ಮಿಬ್ಬರ ಜೊತೆ ಇರಬೇಕು ಅನ್ಸುತ್ತೆ. ಯಾವಾಗಲೂ..."

ಆಕೆಯ ಕಣ್ಣು ತುಂಬಿತು. "ನನಗೂ ಅನ್ಸುತ್ತೆ. ಆದ್ರೆ ಮೊದಲು ಅತ್ತೆಗೆ ಬರೀಬೇಕು."

ಈ ಸಲ ಪೆನ್ನು ನಿಲ್ಲಲಿಲ್ಲ. 'ಅತ್ತೆ, ಯಾವ ಮಗುವನ್ನೂ ಬೇಲಿಯ ಆಚೆ ನಿಲ್ಲಿಸದ ಒಬ್ಬರು ಸಿಕ್ಕಿದ್ದಾರೆ. ನಿಮ್ಮ ಮಗನಿಗೂ ಇಷ್ಟವಾಗುತ್ತಿದ್ದರು...' ಎಂದು ಬರೆದಳು.

ಮರುದಿನ ಅಂಚೆ ಡಬ್ಬಿಯ ಮುಂದೆ ಮೂವರೂ ನಿಂತರು. ಪತ್ರದ ಅರ್ಧ ಒಳಗೆ, ಅರ್ಧ ಆಕೆಯ ಬೆರಳಲ್ಲಿ.

"ಬಿಡಮ್ಮಾ, ಎಷ್ಟೊತ್ತು ಹಿಡ್ಕೋತೀಯ!" ಎಂದಳು ಆತನ ಹೆಗಲ ಮೇಲಿದ್ದ ಇರುವೆ.

"ನಿಧಾನ. ಉತ್ತರ ಬರೋ ತನಕ ನಾನು ಬೆಂಚಿನ ಮೇಲೆ ಕಾಯ್ತೀನಿ," ಎಂದ ಆತ.

"ನಿಮ್ಮ ತಂಡದಲ್ಲಿ ಯಾರೂ ಕೂರೋ ಹಾಗಿಲ್ಲ ಅಲ್ವಾ?" ಎಂದಳು ಆಕೆ.

ನಕ್ಕು ಬೆರಳು ಸಡಿಲಿಸಿದಳು. ಪತ್ರ ಒಳಗೆ ಬಿದ್ದ ಸದ್ದು ಮೂವರಿಗೂ ಕೇಳಿಸಿತು.